ಇಂಗ್ಲಿಷ್ ಬರಹದೊಳಗಿನ ಫ್ರೆಂಚ್ ಪದಗುಚ್ಛಗಳು

ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ, ಸರ್ಕಾರಿ ಕಚೇರಿಯ ಟಿಪ್ಪಣಿ, ಉದ್ಯೋಗದ ಅರ್ಜಿ, ಮದುವೆಯ ಕರೆಯೋಲೆ, ಇವುಗಳಲ್ಲಿ ಯಾವುದನ್ನು ತೆಗೆದು ನೋಡಿದರೂ ಇಂಗ್ಲಿಷ್ ವಾಕ್ಯದ ನಡುವೆ ಇಂಗ್ಲಿಷಿನವಲ್ಲದ ಕೆಲವು ಮಾತುಗಳು ಕಣ್ಣಿಗೆ ಬೀಳುತ್ತವೆ. ಸೇನೆಯು ಸರ್ಕಾರವನ್ನು ಉರುಳಿಸಿ ಅಧಿಕಾರ ಹಿಡಿದರೆ ಅದು ‘ಕೂ ದೆತಾ’, ಇನ್ನು ಬದಲಿಸಲು ಬಾರದಂತೆ ನಡೆದುಹೋದ ಸಂಗತಿ ‘ಫೆತಕೋಂಪ್ಲಿ’, ಒಂದು ಸಂಸ್ಥೆ ಯಾವ ಉದ್ದೇಶಕ್ಕಾಗಿ ಇದೆಯೋ ಆ ಉದ್ದೇಶ ‘ರೇಝೋಂ ದೇತ್ರ್’. ಇವೆಲ್ಲ ಫ್ರೆಂಚಿನಿಂದ ಇಡಿಯಾಗಿ ಎತ್ತಿ ತಂದ ಪದಗುಚ್ಛಗಳು. ಇವುಗಳ ಬಳಕೆಯಲ್ಲಿ ತಪ್ಪು ಹೆಚ್ಚಾಗುವುದಕ್ಕೆ ಬರೆಯುವವರ ಅಜಾಗ್ರತೆಯನ್ನಷ್ಟೇ ದೂರಿ ಫಲವಿಲ್ಲ, ಏಕೆಂದರೆ ಇಂಥ ಪದಗುಚ್ಛ ಏಕಕಾಲಕ್ಕೆ ಎರಡು ಭಾಷೆಗಳ ಆಡಳಿತಕ್ಕೆ ಒಳಪಟ್ಟಿರುತ್ತದೆ: ಅದರ ಒಳರಚನೆ, ಅಂದರೆ ಕಾಗುಣಿತ, ಲಿಂಗ ಮತ್ತು ವಚನ, ಬಹುಮಟ್ಟಿಗೆ ಫ್ರೆಂಚಿನ ನಿಯಮಕ್ಕೆ ಬದ್ಧವಾಗಿದ್ದರೆ, ಅದರ ಅರ್ಥವನ್ನು ಇಂಗ್ಲಿಷ್ ಬರಹಗಾರರ ಶತಮಾನಗಳ ರೂಢಿ ನಿಶ್ಚಯಿಸಿರುತ್ತದೆ. ಒಂದನ್ನೇ ನೋಡಿ ಇನ್ನೊಂದನ್ನು ಮರೆತ ಬರಹಗಾರ ಎಡವುವುದು ಸಹಜ.

ಫ್ರೆಂಚಿನಿಂದ ಬಂದದ್ದೆಲ್ಲವೂ ಈ ಚರ್ಚೆಗೆ ಸೇರುವುದಿಲ್ಲ. ಸಂಸ್ಕೃತದಿಂದ ಬಂದ ಪದಗಳನ್ನು ಕನ್ನಡ ವೈಯಾಕರಣರು ತತ್ಸಮ, ತದ್ಭವ ಎಂದು ವಿಂಗಡಿಸಿದಂತೆ, ಇಂಗ್ಲಿಷಿನೊಳಗಿನ ಫ್ರೆಂಚನ್ನೂ ಎರಡಾಗಿ ನೋಡಬಹುದು. ‘ಸಂಧ್ಯಾ’ ಎಂಬುದು ಸಂಜೆಯಾಗಿ, ‘ವರ್ಣ’ ಎಂಬುದು ಬಣ್ಣವಾಗಿ ಕನ್ನಡದ ಮೈಬಣ್ಣವನ್ನೇ ತಳೆದ ಹಾಗೆ, ‘ಬೀಫ್’, ‘ಮಟನ್’, ‘ಕೋರ್ಟ್’, ‘ಜಡ್ಜ್’ ಮೊದಲಾದ ಪದಗಳು ಫ್ರೆಂಚ್ ಮೂಲದ ಗುರುತೇ ಸಿಗದಷ್ಟು ಇಂಗ್ಲಿಷಾಗಿವೆ. ಅವುಗಳ ಬಳಕೆಗೆ ಫ್ರೆಂಚಿನ ಅಪ್ಪಣೆ ಬೇಕಿಲ್ಲ. ತತ್ಸಮದಂತೆ ಮೂಲರೂಪವನ್ನು ಕಾಪಾಡಿಕೊಂಡು, ಓರೆಗೆರೆಗಳನ್ನೂ ಉಚ್ಚರಿಸದ ಅಕ್ಷರಗಳನ್ನೂ ಹೊತ್ತುಕೊಂಡೇ ಉಳಿದಿರುವ ಗುಂಪು ಬೇರೆ, ಬರಹಗಾರನ ಎಚ್ಚರ ಬೇಕಾಗುವುದು ಅಲ್ಲಿ. ಹೋಟೆಲ್, ಕೆಫೆ, ಬ್ಯೂರೊ ಮುಂತಾದವು ಈ ಎರಡರ ನಡುವೆ ಎಲ್ಲೋ ಇದ್ದು, ಮೊದಲ ಗುಂಪಿನ ಕಡೆಗೆ ಸರಿಯುತ್ತಿವೆ.

ಎರಡು ಗುಂಪುಗಳಾಗಲು ಕಾರಣ, ಫ್ರೆಂಚ್ ಇಂಗ್ಲೆಂಡಿಗೆ ಎರಡು ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ದಾರಿಗಳಲ್ಲಿ ಬಂದದ್ದು. 1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಹೇಸ್ಟಿಂಗ್ಸ್ ಕದನವನ್ನು ಗೆದ್ದು ಇಂಗ್ಲೆಂಡಿನ ದೊರೆಯಾದ ಮೇಲೆ ಅರಮನೆ, ನ್ಯಾಯಾಲಯ ಮತ್ತು ಜಮೀನ್ದಾರಿಯ ಮಾತು ಫ್ರೆಂಚಿನ ನಾರ್ಮನ್ ರೂಪವಾಯಿತು. ನ್ಯಾಯಾಲಯದ ವಾದಗಳು ಜನರಿಗೆ ತಿಳಿಯುವ ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿ ಒಂದು ಶಾಸನವಾಯಿತಾದರೂ ಆ ಶಾಸನವನ್ನು ಬರೆದದ್ದು ಫ್ರೆಂಚಿನಲ್ಲೇ, ಮತ್ತು ವಕೀಲರ ‘ಲಾ ಫ್ರೆಂಚ್’ ಆ ಬಳಿಕವೂ ಶತಮಾನಗಳ ಕಾಲ ಬದುಕಿತ್ತು. ಇಂದಿಗೂ ವೆಸ್ಟ್‌ಮಿನ್‌ಸ್ಟರ್‌ನ ಸಂಸತ್ತಿನಲ್ಲಿ ಮಸೂದೆಗೆ ಅರಸನ ಒಪ್ಪಿಗೆಯನ್ನು ನಾರ್ಮನ್ ಫ್ರೆಂಚಿನಲ್ಲೇ ಘೋಷಿಸುವ ಪದ್ಧತಿ ಇದೆ. ಈ ಮೊದಲ ಅಲೆಯಲ್ಲಿ ಬಂದ ಪದಗಳು ಬಹುಪಾಲು ಇಂಗ್ಲಿಷಿನಲ್ಲಿ ಕರಗಿಹೋದವು. ಆದರೆ ಒಂದು ಗುರುತು ಉಳಿಯಿತು: ಫ್ರೆಂಚಿನಲ್ಲಿ ವಿಶೇಷಣವು ಸಾಮಾನ್ಯವಾಗಿ ವಿಶೇಷ್ಯದ ನಂತರ ಬರುವುದರಿಂದ ‘ಅಟಾರ್ನಿ ಜನರಲ್’, ‘ಕೋರ್ಟ್ ಮಾರ್ಷಲ್’ ಎಂಬ ರೂಪಗಳು ಹುಟ್ಟಿದವು. ಇವುಗಳಲ್ಲಿ ಮುಖ್ಯ ಪದ ಮೊದಲನೆಯದಾದ್ದರಿಂದ ಬಹುವಚನದ ಪ್ರತ್ಯಯ ಅದಕ್ಕೇ ಸೇರಿ ‘ಅಟಾರ್ನೀಸ್ ಜನರಲ್’, ‘ಕೋರ್ಟ್ಸ್ ಮಾರ್ಷಲ್’ ಎಂದಾಗುತ್ತದೆ. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಪ್ರತ್ಯಯವನ್ನು ಕೊನೆಗೆ ಹಚ್ಚಿದ ರೂಪವೂ ಕಾಣಿಸುವುದುಂಟು. ಕೆಲವು ನಿಘಂಟುಗಳು ಅದನ್ನೂ ಒಪ್ಪುತ್ತವೆ, ಆದರೆ ಔಪಚಾರಿಕ ಬರಹಕ್ಕೆ ಮೊದಲಿನದೇ ಹೆಚ್ಚು ಒಪ್ಪುವ ರೂಪ.

ಎರಡನೆಯ ಅಲೆ 1660ರ ಆಚೆಗಿನದು. ಹೊರನಾಡಿನಲ್ಲಿ ಆಶ್ರಯ ಪಡೆದಿದ್ದ ಎರಡನೆಯ ಚಾರ್ಲ್ಸ್ ಮರಳಿ ಪಟ್ಟವೇರಿದಾಗ ಆತನೊಂದಿಗೆ ಫ್ರೆಂಚ್ ಆಸ್ಥಾನದ ಉಡುಗೆ, ಊಟ, ಮಾತಿನ ಧಾಟಿಗಳೂ ಲಂಡನ್ನಿಗೆ ಬಂದವು. ಈ ಸಲ ಫ್ರೆಂಚ್ ಬಂದದ್ದು ಗೆದ್ದವರ ಭಾಷೆಯಾಗಿ ಅಲ್ಲ, ಮೆಚ್ಚುಗೆಯ ಭಾಷೆಯಾಗಿ. ಆದ್ದರಿಂದಲೇ ಅದರ ಮೂಲರೂಪವನ್ನು ಕೆಡಿಸದೆ ಉಳಿಸಿಕೊಳ್ಳುವ ಆಸೆಯೂ ಪ್ರಬಲವಾಗಿತ್ತು. ಜಾನ್ ಡ್ರೈಡನ್ನನ ‘ಮ್ಯಾರಿಯೇಜ್ ಅ ಲಾ ಮೋಡ್’ ಎಂಬ ನಾಟಕ 1673ರಲ್ಲಿ ಅಚ್ಚಾಯಿತು. ಅದರಲ್ಲಿ ಮೆಲಾಂಥಾ ಎಂಬ ಯುವತಿ ದಿನವೂ ತನ್ನ ದಾಸಿಯಿಂದ ಹೊಸ ಫ್ರೆಂಚ್ ಪದಗಳ ಪಟ್ಟಿಯನ್ನು ಪಡೆದು, ಅವನ್ನು ಮಾತಿನಲ್ಲಿ ತುರುಕಲು ಹಾತೊರೆಯುತ್ತಾಳೆ. ಕೆಲವು ದಶಕಗಳ ಬಳಿಕ, 1711ರಲ್ಲಿ, ಜೋಸೆಫ್ ಅಡಿಸನ್ ‘ಸ್ಪೆಕ್ಟೇಟರ್’ ಪತ್ರಿಕೆಯ ಒಂದು ಸಂಚಿಕೆಯನ್ನು ಇದೇ ವಿಷಯಕ್ಕೆ ಮೀಸಲಿಟ್ಟ. 1704ರ ಬ್ಲೆನಿಮ್ ಕದನದ ಹೊತ್ತಿನಲ್ಲಿ ಸೈನಿಕ ಮಗನೊಬ್ಬ ತಂದೆಗೆ ಬರೆದ ಕಾಗದವೆಂದು ಹೇಳಿ ಅವನು ಅಚ್ಚುಹಾಕಿದ ಬರಹದ ತುಂಬ ಫ್ರೆಂಚ್ ಸೇನಾಪದಗಳಿವೆ. ಹಳ್ಳಿಯಲ್ಲಿದ್ದ ತಂದೆಗೆ ಮಗನ ಕಾಗದ ಅರ್ಥವೇ ಆಗುವುದಿಲ್ಲ.

ಅಡಿಸನ್‌ನ ಆ ಬರಹ ಇಂದಿನ ಓದುಗರಿಗೆ ವಿಶೇಷ ಪಾಠವನ್ನು ಒದಗಿಸುತ್ತದೆ, ಏಕೆಂದರೆ ಅವನು ಹಾಸ್ಯ ಮಾಡಿದ ಪದಗಳಲ್ಲಿ ಹಲವು ಈಗ ಸೇನೆಯ ನಿತ್ಯದ ಮಾತಾಗಿವೆ. ಶತ್ರುವಿನ ನೆಲೆಯನ್ನು ಮುಂಚಿತವಾಗಿ ನೋಡಿಬರುವುದಕ್ಕೆ ಬಳಸುವ ‘ರೆಕನಾಯ್ಟರ್’, ಅಧಿಕಾರಿಯನ್ನು ಸೂಚಿಸುವ ‘ಕಮಾಂಡಂಟ್’, ಸೇನೆಯ ವಿಭಾಗವಾದ ‘ಕೋರ್’, ಈ ಮೂರೂ ಆ ಕಾಗದದಲ್ಲಿವೆ. ಕರ್ನಾಟಕದ ಕಾಲೇಜುಗಳಲ್ಲಿ ಎನ್‌ಸಿಸಿಗೆ ಸೇರಿದ ವಿದ್ಯಾರ್ಥಿಗಳು ಆ ಹೆಸರಿನ ಕೊನೆಯ ‘ಸಿ’ಯನ್ನು ‘ಕೋರ್’ ಎಂದು ಉಚ್ಚರಿಸಬೇಕೆಂದು, ಬರೆದಿರುವ ‘ಪಿ’ ಮತ್ತು ‘ಎಸ್’ ಎರಡೂ ಮೌನವೆಂದು ಮೊದಲ ಕವಾಯತಿನಲ್ಲೇ ಕಲಿಯುತ್ತಾರೆ. ‘ಕಾರ್ತ್ ಬ್ಲಾಂಶ್’ ಎಂಬ ಪದಗುಚ್ಛವೂ ಅದೇ ಕಾಗದದಲ್ಲಿ ಅದರ ಹಳೆಯ ಸೇನಾ ಅರ್ಥದಲ್ಲಿ ಬಂದಿದೆ. ಸೋತ ಪಡೆ ಗೆದ್ದವರಿಗೆ ಬರಿಯ ಹಾಳೆಯನ್ನು ಕಳಿಸಿ, ಶರಣಾಗತಿಯ ಷರತ್ತುಗಳನ್ನು ನೀವೇ ತುಂಬಿಕೊಳ್ಳಿ ಎಂದು ಒಪ್ಪಿಸುವುದು ಅದರ ಮೂಲ ಅರ್ಥ. ಇಂದು ಅದು ಯಾರಿಗಾದರೂ ಯಾವ ಷರತ್ತೂ ಇಲ್ಲದೆ ಕೊಟ್ಟ ಪೂರ್ಣ ಅಧಿಕಾರವನ್ನು ಸೂಚಿಸುತ್ತದೆ. ಆದ್ದರಿಂದ ‘ಸೀಮಿತ ಕಾರ್ತ್ ಬ್ಲಾಂಶ್’ ಎಂದು ಬರೆದರೆ ಮಾತು ತನ್ನನ್ನೇ ಅಲ್ಲಗಳೆಯುತ್ತದೆ.

ಅರ್ಥದ ವಿಷಯದಲ್ಲಿ ಇಂಗ್ಲಿಷಿನ ರೂಢಿಯೇ ಪ್ರಮಾಣ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಗೀತ ಕಚೇರಿ ಮುಗಿದಾಗ ಇನ್ನೊಮ್ಮೆ ಹಾಡಬೇಕೆಂದು ಇಂಗ್ಲಿಷ್ ಶ್ರೋತೃಗಳು ‘ಆಂಕೋರ್’ ಎಂದು ಕೂಗುತ್ತಾರೆ. ಅದು ಫ್ರೆಂಚ್ ಪದವೇ ಆದರೂ ಅದೇ ಸಂದರ್ಭದಲ್ಲಿ ಫ್ರೆಂಚರು ಕೂಗುವುದು ‘ಬೀಸ್’ ಎಂದು. ಲೇಖಕನ ಕಾವ್ಯನಾಮವನ್ನು ಸೂಚಿಸುವ ‘ನೋಂ ದ ಪ್ಲೂಮ್’ ಫ್ರೆಂಚ್ ಪದಗಳಿಂದ ಇಂಗ್ಲಿಷರು ಕಟ್ಟಿಕೊಂಡ ಪದಗುಚ್ಛ. ಎರಡರ್ಥದ, ಬಹುಮಟ್ಟಿಗೆ ಪೋಲಿ ಧ್ವನಿಯುಳ್ಳ ಮಾತಿಗೆ ಇಂಗ್ಲಿಷಿನಲ್ಲಿ ‘ಡಬಲ್ ಆಂತಾಂದ್ರ್’ ಎಂಬ ಬಳಕೆ ಇದೆ, ಇಂದಿನ ಫ್ರೆಂಚಿನಲ್ಲಿ ಅದಕ್ಕೆ ‘ದೂಬ್ಲ್ ಸಾಂಸ್’ ಎನ್ನುತ್ತಾರೆ. ಊಟದ ಪಟ್ಟಿಯಲ್ಲಿ ‘ಆಂತ್ರೇ’ ಎಂಬುದು ಫ್ರಾನ್ಸಿನಲ್ಲಿ ಮೊದಲಿಗೆ ಬಡಿಸುವ ಖಾದ್ಯ, ಅಮೆರಿಕದಲ್ಲಿ ಊಟದ ಮುಖ್ಯ ಖಾದ್ಯ. ಪ್ಯಾರಿಸ್ಸಿನಲ್ಲಿ ಹೀಗೆ ಹೇಳುವುದಿಲ್ಲ ಎಂಬ ಕಾರಣಕ್ಕೆ ಈ ಬಳಕೆಗಳನ್ನು ತಪ್ಪೆಂದು ತಿದ್ದುವವರು ವಿದ್ವತ್ತನ್ನು ಅಸ್ಥಾನದಲ್ಲಿ ಪ್ರಯೋಗಿಸುತ್ತಿದ್ದಾರೆ. ಇಂಗ್ಲಿಷ್ ಓದುಗನಿಗಾಗಿ ಬರೆದ ಇಂಗ್ಲಿಷ್ ವಾಕ್ಯದಲ್ಲಿ ಅವು ಸರಿಯಾದವೇ.

ಇಂಗ್ಲಿಷ್ ಕೊಟ್ಟ ಅರ್ಥವನ್ನೂ ಮೀರಿ ಪದಗುಚ್ಛವನ್ನು ಹಿಗ್ಗಿಸುವುದು ಮಾತ್ರ ಬೇರೆ ವಿಷಯ. ಭಾರತದ ಕಚೇರಿ ಇಂಗ್ಲಿಷಿನಲ್ಲಿ ‘ವೀಝಾವೀ’ ಎಂಬುದಕ್ಕಿರುವಷ್ಟು ಚಲಾವಣೆ ಬೇರೆ ಯಾವ ಫ್ರೆಂಚ್ ಪದಗುಚ್ಛಕ್ಕೂ ಇರಲಾರದು. ‘ವಿಸ್’ ಎಂದರೆ ಹಳೆಯ ಫ್ರೆಂಚಿನಲ್ಲಿ ಮುಖ. ಹಾಗಾಗಿ ಈ ಪದಗುಚ್ಛದ ಮೂಲಾರ್ಥ ಮುಖಾಮುಖಿ. ಇಬ್ಬರು ಎದುರುಬದುರಾಗಿ ಕುಳಿತು ಪ್ರಯಾಣಿಸುವ ಒಂದು ಬಗೆಯ ಕುದುರೆಗಾಡಿಗೂ ಇಂಗ್ಲೆಂಡಿನಲ್ಲಿ ಅದೇ ಹೆಸರಿತ್ತು. ಇಂದಿನ ಇಂಗ್ಲಿಷಿನಲ್ಲಿ ಅದರ ಅರ್ಥ ಒಂದನ್ನು ಇನ್ನೊಂದರ ಎದುರಿಗಿಟ್ಟು ನೋಡಿದಾಗ, ಅಂದರೆ ‘ಅದಕ್ಕೆ ಹೋಲಿಸಿದರೆ’ ಅಥವಾ ‘ಅದರ ಸಂಬಂಧದಲ್ಲಿ’ ಎಂದು. ಡಾಲರಿನ ಎದುರು ರೂಪಾಯಿಯ ಮೌಲ್ಯವನ್ನು ಹೇಳುವಾಗ, ರಾಜ್ಯಗಳಿಗೆ ಎದುರಾಗಿ ಕೇಂದ್ರದ ಅಧಿಕಾರವನ್ನು ಚರ್ಚಿಸುವಾಗ ಇದು ಒಪ್ಪುತ್ತದೆ, ಏಕೆಂದರೆ ಅಲ್ಲಿ ಎರಡು ಪಕ್ಷಗಳಿವೆ. ಆದರೆ ಒಂದೇ ವಿಷಯದ ‘ಬಗ್ಗೆ’ ಸಭೆ ನಡೆಯಿತು ಎಂದು ಹೇಳಬೇಕಾದಲ್ಲಿ, ಅಥವಾ ಒಬ್ಬರ ‘ಮೂಲಕ’ ಕಾಗದ ಬಂತು ಎನ್ನಬೇಕಾದಲ್ಲಿ ಇದನ್ನು ಬಳಸುವುದು ಸರಿಯಲ್ಲ. ಉಪಸರ್ಗದ ಕೆಲಸವನ್ನು ಪದಗುಚ್ಛವೇ ಮಾಡುವುದರಿಂದ ಅದರ ಮುಂದೆ ಮತ್ತೆ ‘ಟು’ ಎಂದಾಗಲಿ ‘ವಿತ್’ ಎಂದಾಗಲಿ ಸೇರಿಸುವಂತಿಲ್ಲ. ಬರೆಯುವಾಗ ಮೂರು ಪದಗಳ ನಡುವೆ ಎರಡು ಅಡ್ಡಗೆರೆಗಳಿರಬೇಕು, ಕೊನೆಯ ‘ಎಸ್’ ಉಚ್ಚಾರದಲ್ಲಿ ಬಾರದಿದ್ದರೂ ಬರಹದಲ್ಲಿ ಇರಲೇಬೇಕು.

‘ದೇಜಾ ವೂ’ ಕೂಡ ಹೀಗೆಯೇ ಹಿಗ್ಗಿದೆ. ಮೊದಲ ಬಾರಿಗೆ ನೋಡುತ್ತಿರುವ ದೃಶ್ಯವನ್ನು ಹಿಂದೆಂದೋ ನೋಡಿದ್ದೇನೆ ಎಂದು ಮನಸ್ಸಿಗೆ ಭಾಸವಾಗುವ ವಿಚಿತ್ರ ಅನುಭವಕ್ಕೆ ಫ್ರೆಂಚ್ ತತ್ತ್ವಜ್ಞಾನಿ ಎಮಿಲ್ ಬುವಾರಾಕ್ 1876ರಲ್ಲಿ ಈ ಹೆಸರನ್ನು ಬಳಸಿದ. ಭಾಸ ಎಂಬುದೇ ಇದರ ಜೀವಾಳ. ತಂಡವೊಂದು ಎರಡನೆಯ ಬಾರಿ ನಿಜವಾಗಿಯೇ ಅದೇ ರೀತಿ ಸೋತಾಗ ಕ್ರೀಡಾ ವರದಿಗಳು ಇದನ್ನು ಬಳಸುತ್ತವೆ, ಮತ್ತು ಆ ಸಡಿಲ ಬಳಕೆ ನಿಘಂಟುಗಳಿಗೂ ಬಂದಾಗಿದೆ. ಆದರೂ ಬೇರೆ ಯಾವ ಪದವೂ ಹೇಳಲಾರದ ಒಂದು ಸೂಕ್ಷ್ಮ ಅನುಭವದ ಹೆಸರನ್ನು ಬರಿಯ ಪುನರಾವರ್ತನೆಗೆ ವ್ಯಯ ಮಾಡುವುದು ನಷ್ಟವೇ ಸರಿ. ಸಾಯುತ್ತಿರುವವನ ಸಂಕಟವನ್ನು ಕೊನೆಗಾಣಿಸುವ ಕರುಣೆಯ ಹೊಡೆತವಾದ ‘ಕೂ ದ ಗ್ರಾಸ್’ ಎಂಬುದನ್ನು ಯಾವುದೇ ದೊಡ್ಡ ಪೆಟ್ಟಿಗೆ ಅನ್ವಯಿಸುವುದೂ ಇಂಥದೇ ಲೋಪ, ಅದು ಕೊನೆಯ ಪೆಟ್ಟೇ ಆಗಿರಬೇಕು. ಫ್ರೆಂಚಿನಲ್ಲಿ ಪದಾಂತ್ಯದ ವ್ಯಂಜನಗಳು ಬಹುಮಟ್ಟಿಗೆ ಮೌನವೆಂದು ತಿಳಿದವರು ಇಲ್ಲಿನ ‘ಸ್’ ಧ್ವನಿಯನ್ನೂ ಬಿಟ್ಟು ‘ಗ್ರಾ’ ಎಂದು ಉಚ್ಚರಿಸುತ್ತಾರೆ, ಕೆಲವರು ಹಾಗೆಯೇ ಬರೆದೂಬಿಡುತ್ತಾರೆ. ಆಗ ಕರುಣೆ ಹೋಗಿ ಕೊಬ್ಬು ಎಂಬ ಅರ್ಥ ಬರುತ್ತದೆ.

ಒಳರಚನೆಯ ವಿಷಯಕ್ಕೆ ಬಂದರೆ ಕನ್ನಡಿಗರಿಗೆ ಹೆಚ್ಚು ತೊಡಕಾಗುವುದು ಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಪುಸ್ತಕ, ಮೇಜು, ಮರ ಎಲ್ಲವೂ ನಪುಂಸಕಲಿಂಗವೇ. ಫ್ರೆಂಚಿನಲ್ಲಿ, ಹಿಂದಿಯಲ್ಲಿರುವಂತೆ, ಜೀವವಿಲ್ಲದ ವಸ್ತುಗಳ ಹೆಸರೂ ಪುಲ್ಲಿಂಗ ಅಥವಾ ಸ್ತ್ರೀಲಿಂಗವಾಗಿರುತ್ತದೆ ಮತ್ತು ವಿಶೇಷಣವು ಅದಕ್ಕೆ ಹೊಂದಿಕೊಂಡು ರೂಪ ಬದಲಿಸುತ್ತದೆ. ಯಾರಿಗಾದರೂ ತೀರ ಅಸಹನೀಯವಾದ ವ್ಯಕ್ತಿ ಅಥವಾ ವಿಷಯವನ್ನು ಇಂಗ್ಲಿಷಿನಲ್ಲಿ ‘ಬೇತ್ ನ್ವಾರ್’, ಅಂದರೆ ಕರಿಯ ಮೃಗ, ಎನ್ನುತ್ತಾರೆ. ‘ಬೇತ್’ ಸ್ತ್ರೀಲಿಂಗವಾದ್ದರಿಂದ ಕಪ್ಪು ಎಂಬ ವಿಶೇಷಣದ ಕೊನೆಯಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಬರಲೇಬೇಕು, ಅದನ್ನು ಬಿಟ್ಟು ಬರೆಯುವುದು ಮುದ್ರಿತ ಇಂಗ್ಲಿಷಿನಲ್ಲಿ ಅತಿ ಸಾಮಾನ್ಯವಾದ ತಪ್ಪುಗಳಲ್ಲಿ ಒಂದು. ಇಲ್ಲಿ ಲಿಂಗ ಪದಕ್ಕೆ ಸೇರಿದ್ದು, ವ್ಯಕ್ತಿಗೆ ಸೇರಿದ್ದಲ್ಲ, ಆದ್ದರಿಂದ ಗಂಡಸಿನ ಬಗ್ಗೆ ಹೇಳುವಾಗಲೂ ರೂಪ ಬದಲಾಗದು. ಮದುವೆ ನಿಶ್ಚಯವಾದವರನ್ನು ಸೂಚಿಸುವ ‘ಫಿಯಾಂಸೇ’ ಎಂಬ ಪದದಲ್ಲಾದರೋ ವ್ಯಕ್ತಿಯ ಲಿಂಗವೇ ಮುಖ್ಯ: ವರನಾದರೆ ಕೊನೆಯಲ್ಲಿ ಒಂದು ‘ಇ’, ವಧುವಾದರೆ ಎರಡು. ಉಚ್ಚಾರ ಒಂದೇ ಆದ್ದರಿಂದ ತಪ್ಪು ಗೊತ್ತಾಗುವುದು ಬರಹದಲ್ಲಿ ಮಾತ್ರ. ವಿವಾಹಿತೆಯ ತವರಿನ ಕುಲನಾಮವನ್ನು ತಿಳಿಸುವ ‘ನೇ’ ಎಂಬುದಕ್ಕೆ ‘ಹುಟ್ಟಿದವಳು’ ಎಂದು ಅರ್ಥ. ಸಾಂಪ್ರದಾಯಿಕ ನಿಯಮದಂತೆ ಅದರ ಮುಂದೆ ಕುಲನಾಮವನ್ನಷ್ಟೇ ಬರೆಯಬೇಕು, ಏಕೆಂದರೆ ಹುಟ್ಟುವಾಗ ಇರುವುದು ಅದೊಂದೇ. ಕುಲನಾಮವೇ ಇಲ್ಲದೆ ತಂದೆಯ ಅಥವಾ ಊರಿನ ಹೆಸರಿನ ಮೊದಲಕ್ಷರವನ್ನು ಬಳಸುವ ಅನೇಕ ಕನ್ನಡ ಮಹಿಳೆಯರ ಹೆಸರುಗಳಿಗೆ ಈ ಪದ ಹೊಂದುವುದೇ ಇಲ್ಲ.

ಬಹುವಚನದಲ್ಲೂ ಒಳರಚನೆಯನ್ನು ಬಲ್ಲವರಿಗೆ ಕಷ್ಟವಿಲ್ಲ. ‘ಕೂ ದೆತಾ’ ಎಂದರೆ ರಾಜ್ಯದ ಮೇಲಿನ ಹೊಡೆತ. ಹೊಡೆತಗಳು ಹಲವಾದರೂ ರಾಜ್ಯ ಒಂದೇ ಆದ್ದರಿಂದ ‘ಎಸ್’ ಸೇರುವುದು ಮೊದಲ ಪದಕ್ಕೆ. ‘ಫೆತಕೋಂಪ್ಲಿ’ಯಲ್ಲಿ ಎರಡನೆಯ ಪದ ವಿಶೇಷಣ, ಅದು ವಚನದಲ್ಲೂ ವಿಶೇಷ್ಯವನ್ನು ಅನುಸರಿಸಬೇಕಾದ್ದರಿಂದ ಎರಡಕ್ಕೂ ‘ಎಸ್’ ಬರುತ್ತದೆ. ‘ಬೇತ್ ನ್ವಾರ್’ಗೂ ಇದೇ ನಿಯಮ. ಸಭೆಯಲ್ಲಿ ಆಡಬಾರದ ಮಾತನ್ನಾಡಿ ಮುಜುಗರ ತರುವ ‘ಫೋ ಪಾ’ ಏಕವಚನ ಬಹುವಚನ ಎರಡರಲ್ಲೂ ಒಂದೇ ತೆರನಾಗಿ ಬರೆಯಲ್ಪಡುತ್ತದೆ. ರಾಯಭಾರಿ ಇಲ್ಲದಾಗ ಅವರ ಕಾರ್ಯವನ್ನು ನಿರ್ವಹಿಸುವ ಅಧಿಕಾರಿಯಾದ ‘ಶಾರ್ಜೇ ದಫೇರ್’ ಎಂಬ ಹೆಸರು, 2019ರಲ್ಲಿ ಭಾರತ ಮತ್ತು ಪಾಕಿಸ್ತಾನಗಳ ರಾಜತಾಂತ್ರಿಕ ಸಂಬಂಧದ ಮಟ್ಟ ಇಳಿದ ಮೇಲೆ ನಮ್ಮ ಪತ್ರಿಕೆಗಳಲ್ಲಿ ಹೆಚ್ಚಾಗಿ ಬರುತ್ತಿದೆ. ಅದರ ಕೊನೆಯ ‘ಎಸ್’ ಏಕವಚನದಲ್ಲೂ ಇರುತ್ತದೆ, ಏಕೆಂದರೆ ವ್ಯವಹಾರಗಳು ಎಂಬ ಬಹುವಚನ ಆ ಹೆಸರಿನ ಭಾಗವೇ. ಅಂಥ ಅಧಿಕಾರಿಗಳು ಇಬ್ಬರಾದರೆ ಮೊದಲ ಪದಕ್ಕೂ ಒಂದು ‘ಎಸ್’ ಸೇರುತ್ತದೆ.

ಪದಗುಚ್ಛದೊಳಗೆ ಅಡಗಿರುವ ಸಣ್ಣ ಪದಗಳನ್ನು ಗಮನಿಸದಿದ್ದಾಗ ಪುನರುಕ್ತಿ ದೋಷ ಉಂಟಾಗುತ್ತದೆ. ಕರೆಯೋಲೆಗಳ ಕೆಳಗೆ ಮುದ್ರಿಸುವ ಆರ್‌ಎಸ್‌ವಿಪಿ ಎಂಬ ನಾಲ್ಕು ಅಕ್ಷರಗಳು ‘ದಯವಿಟ್ಟು ಉತ್ತರಿಸಿ’ ಎಂಬ ಪೂರ್ಣ ಫ್ರೆಂಚ್ ವಾಕ್ಯದ ಸಂಕ್ಷೇಪ. ಅದರ ಹಿಂದೆ ‘ಪ್ಲೀಸ್’ ಸೇರಿಸಿದರೆ ದಯವಿಟ್ಟು ಎಂದು ಎರಡು ಸಲ ಹೇಳಿದಂತಾಗುತ್ತದೆ. ಕರ್ನಾಟಕದ ಅನೇಕ ಮದುವೆ ಪತ್ರಿಕೆಗಳಲ್ಲಿ ಇದು ಆತಿಥೇಯರ ವಿಳಾಸ ಮತ್ತು ಫೋನ್ ಸಂಖ್ಯೆಗಳಿಗೆ ಶೀರ್ಷಿಕೆಯಂತೆ ನಿಂತಿರುತ್ತದೆ, ಬರುವುದಾಗಿಯೋ ಬಾರದಿರುವುದಾಗಿಯೋ ತಿಳಿಸಬೇಕೆಂಬ ಕೋರಿಕೆ ಅದರಲ್ಲಿದೆ ಎಂದು ಅತಿಥಿಗಳಿಗೂ ತಿಳಿದಿರುವುದಿಲ್ಲ. ‘ದಿನದ’ ಎಂಬರ್ಥದ ‘ದ್ಯು ಝೂರ್’ ಇರುವ ಸೂಪಿನ ಹೆಸರಿಗೆ ಮತ್ತೆ ಇಂಗ್ಲಿಷಿನಲ್ಲಿ ‘ಆಫ್ ದ ಡೇ’ ಸೇರಿಸುವುದೂ, ‘ಗುಂಪಾಗಿ’ ಎಂಬರ್ಥದ ‘ಆಂ ಮಾಸ್’ ಹಿಂದೆ ‘ಇನ್’ ಎಂದು ಬರೆಯುವುದೂ ಇದೇ ಬಗೆಯವು.

ಅಕ್ಷರಗಳ ಮೇಲಿನ ಓರೆಗೆರೆಗಳನ್ನು ಅಲಂಕಾರವೆಂದು ಭಾವಿಸಿ ಕೈಬಿಡುವವರಿದ್ದಾರೆ. ಇಂಗ್ಲಿಷಾಗಿ ಹೋದ ‘ಕೆಫೆ’ಯಂಥ ಪದದಲ್ಲಿ ಅವು ಇಲ್ಲದಿದ್ದರೂ ಬಾಧಕವಿಲ್ಲ. ಆದರೆ ಉದ್ಯೋಗದ ಅರ್ಜಿಯ ಜೊತೆಗಿಡುವ ‘ರೆಝ್ಯುಮೆ’ ಗೆರೆಗಳನ್ನು ಕಳೆದುಕೊಂಡರೆ ‘ಮತ್ತೆ ಆರಂಭಿಸು’ ಎಂಬ ಕ್ರಿಯಾಪದದ ರೂಪವನ್ನೇ ತಾಳುತ್ತದೆ, ‘ರೋಝೇ’ ಎಂಬ ದ್ರಾಕ್ಷಾರಸ ಗುಲಾಬಿ ಹೂವಾಗುತ್ತದೆ. ‘ದೇಜಾ ವೂ’ ಬರೆಯುವಾಗ ‘ಇ’ ಅಕ್ಷರದ ಮೇಲಿನ ಗೆರೆ ಬಲಕ್ಕೆ ಏರುತ್ತದೆ, ‘ಎ’ ಅಕ್ಷರದ ಮೇಲಿನದು ಬಲಕ್ಕೆ ಇಳಿಯುತ್ತದೆ. ಗೆರೆ ಹಾಕುವುದೇ ಆದರೆ ಎರಡನ್ನೂ ಅವುಗಳ ದಿಕ್ಕಿನಲ್ಲೇ ಹಾಕಬೇಕು, ಒಂದನ್ನು ಹಾಕಿ ಒಂದನ್ನು ಬಿಡುವುದು ಎರಡನ್ನೂ ಬಿಡುವುದಕ್ಕಿಂತ ಕೆಟ್ಟದು. ಓರೆ ಅಚ್ಚಿನ ವಿಷಯದಲ್ಲಿ ‘ಶಿಕಾಗೋ ಮ್ಯಾನ್ಯುಅಲ್’ ಮೊದಲಾದ ಶೈಲಿ ಕೈಪಿಡಿಗಳ ಸಲಹೆ ಸರಳವಾದದ್ದು: ಸಾಮಾನ್ಯ ಇಂಗ್ಲಿಷ್ ನಿಘಂಟಿನಲ್ಲಿ ಸ್ಥಾನ ಪಡೆದ ಪರಿಚಿತ ಪದಗುಚ್ಛಕ್ಕೆ ಓರೆ ಅಚ್ಚು ಬೇಡ, ಓದುಗನಿಗೆ ಹೊಸದಾಗಿರಬಹುದಾದದ್ದಕ್ಕೆ ಬೇಕು. ಕಿವಿಯಿಂದ ಕಲಿತದ್ದನ್ನು ಹಾಗೆಯೇ ಬರೆಯುವುದು ಇನ್ನೊಂದು ಅಪಾಯ; ‘ನೋಡಿ, ಇಗೋ’ ಎಂಬರ್ಥದ ‘ವ್ವಾಲಾ’ ಬರೆಯಹೊರಟು ‘ಐ’ ಮತ್ತು ‘ಓ’ ಅಕ್ಷರಗಳನ್ನು ಅದಲುಬದಲು ಮಾಡಿದರೆ ಪಿಟೀಲಿನ ಜಾತಿಯ ವಿಯೋಲಾ ಎಂಬ ವಾದ್ಯ ಕಾಗದದ ಮೇಲೆ ಬಂದು ಕೂರುತ್ತದೆ.

ಇಷ್ಟೆಲ್ಲ ಎಚ್ಚರ ಬೇಡುವ ಪದಗುಚ್ಛಗಳ ಅಗತ್ಯವಾದರೂ ಏನು ಎಂಬ ಪ್ರಶ್ನೆ ಇಂಗ್ಲಿಷಿನಲ್ಲಿ ಹಳೆಯದು. ‘ಮಾಡರ್ನ್ ಇಂಗ್ಲಿಷ್ ಯೂಸೇಜ್’ ಎಂಬ ಪ್ರಸಿದ್ಧ ಕೈಪಿಡಿಯನ್ನು 1926ರಲ್ಲಿ ಪ್ರಕಟಿಸಿದ ಎಚ್. ಡಬ್ಲ್ಯು. ಫೌಲರ್, ತಿಳಿವಳಿಕೆಯ ಪ್ರದರ್ಶನಕ್ಕಾಗಿ ಫ್ರೆಂಚ್ ಬಳಸುವುದನ್ನು ಸಂಪತ್ತಿನ ಪ್ರದರ್ಶನದಷ್ಟೇ ಒರಟಾದದ್ದೆಂದು ಪರಿಗಣಿಸಿದ. 1946ರ ಪ್ರಬಂಧವೊಂದರಲ್ಲಿ ಜಾರ್ಜ್ ಆರ್ವೆಲ್ ಇನ್ನೂ ಮುಂದೆ ಹೋಗಿ, ನಿತ್ಯದ ಇಂಗ್ಲಿಷ್ ಪದ ಸಿಗುವಲ್ಲಿ ಪರಭಾಷೆಯ ಪದಗುಚ್ಛವನ್ನು ಎಂದೂ ಬಳಸಬಾರದೆಂದು ವಿಧಿಸಿದ. ಈ ವಾದ ಕನ್ನಡಕ್ಕೂ ಅಪರಿಚಿತವಲ್ಲ: ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಬೆರೆಸಿ ಮಾಡುವ ಅರಿಸಮಾಸವನ್ನು ‘ಕವಿರಾಜಮಾರ್ಗ’ವೇ ದೋಷವೆಂದಿತು, ಹನ್ನೆರಡನೆಯ ಶತಮಾನದ ನಯಸೇನ ಅಂಥ ಬೆರಕೆಯನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದಕ್ಕೆ ಹೋಲಿಸಿದ. ಆದರೆ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಬಿರುದುಗಳಿಗೂ ಹಿಂದಿನ ಕವಿಗಳ ಪ್ರಯೋಗಗಳಿಗೂ ವಿನಾಯಿತಿ ಕೊಟ್ಟ, ಮತ್ತು ಬಳಕೆಯಲ್ಲಿ ಬೇರೂರಿದ್ದನ್ನು ಒಪ್ಪುವ ಆ ಧೋರಣೆಯೇ ಹೆಚ್ಚು ವಿವೇಕದ್ದೆಂದು ತೋರುತ್ತದೆ. ಆರ್ವೆಲ್ ಅನಗತ್ಯವೆಂದು ಪಟ್ಟಿಮಾಡಿದ ಪದಗುಚ್ಛಗಳಲ್ಲಿ ಕೊನೆಗಾಣುವ ಬೀದಿಯನ್ನು ಸೂಚಿಸುವ ‘ಕಲ್ ದ ಸ್ಯಾಕ್’ ಕೂಡ ಇತ್ತು. ಇಂದು ಅದು ಇಂಗ್ಲಿಷ್ ನಾಡುಗಳ ಬಡಾವಣೆಗಳಲ್ಲಿ ಎಲ್ಲರ ಬಾಯಲ್ಲಿರುವ ಸಾಮಾನ್ಯ ಪದ.

ಹಾಗಾಗಿ ‘ದೇಜಾ ವೂ’, ‘ಕೂ ದೆತಾ’, ‘ಶಾರ್ಜೇ ದಫೇರ್’ ಮುಂತಾದ, ಬದಲಿಯೇ ಇಲ್ಲದ ಪದಗುಚ್ಛಗಳನ್ನು ಸಂಕೋಚವಿಲ್ಲದೆ ಬಳಸಬಹುದು. ‘ವೀಝಾವೀ’, ‘ಆಂ ಮಾಸ್’, ‘ರೇಝೋಂ ದೇತ್ರ್’ ಇವುಗಳಿಗೆ ನೇರವಾದ ಇಂಗ್ಲಿಷ್ ಪದಗಳಿವೆ, ಕಚೇರಿಯ ಕಾಗದದಲ್ಲಿ ಅವೇ ಮೇಲು. ಕರ್ನಾಟಕದಲ್ಲಿ ಇಂಗ್ಲಿಷ್ ಬರೆಯುವ ವಿದ್ಯಾರ್ಥಿಗಳು, ಅಧಿಕಾರಿಗಳು ಮತ್ತು ಪತ್ರಕರ್ತರು ಇಂಥ ಪದಗುಚ್ಛವೊಂದು ಲೇಖನಿಯ ತುದಿಗೆ ಬಂದಾಗ ಒಮ್ಮೆ ಉತ್ತಮ ನಿಘಂಟನ್ನು ತೆರೆದು ಅದರ ಕಾಗುಣಿತ, ಅರ್ಥ, ಬಹುವಚನಗಳನ್ನು ನೋಡಿಕೊಳ್ಳಲಿ. ಅಷ್ಟಕ್ಕೆ ಸಮಯವಿಲ್ಲದಿದ್ದರೆ ಸರಳವಾದ ಇಂಗ್ಲಿಷ್ ಪದವನ್ನೇ ಬರೆಯಲಿ.